ಮೊದಲೇ ಬಂದಿದ್ದ ಪತ್ರ

1992ರಲ್ಲಿ ಇಂಗ್ಲೆಂಡಿನ ಲೈಮ್ ರೀಜಿಸ್ ಎಂಬ ಕಡಲ ಊರಿನ ಸಾಹಸ ಕ್ರೀಡಾ ಕೇಂದ್ರವೊಂದರಿಂದ ಇಬ್ಬರು ತರಬೇತುದಾರರು ಕೆಲಸ ಬಿಟ್ಟು ಹೋದರು. ಅವರು ಕಂಪನಿಯ ವ್ಯವಸ್ಥಾಪಕ ನಿರ್ದೇಶಕನಿಗೊಂದು ಪತ್ರ ಬರೆದಿದ್ದರು. ಇಲ್ಲಿನ ಸುರಕ್ಷತೆ ಹೀಗೇ ಇದ್ದರೆ, ಮಗ ಅಥವಾ ಮಗಳು ಏಕೆ ಮನೆಗೆ ಮರಳಲಿಲ್ಲವೆಂದು ಯಾರದೋ ತಂದೆ ತಾಯಿಗೆ ನೀವು ಉತ್ತರ ಹೇಳಬೇಕಾದೀತು ಎಂಬುದು ಅದರ ಸಾರ. ಪತ್ರ ತಲುಪಿತು. ಕೇಂದ್ರ ಎಂದಿನಂತೆ ನಡೆಯಿತು.

1993ರ ಮಾರ್ಚ್ 22ರಂದು ಪ್ಲಿಮತ್‌ನ ಶಾಲೆಯೊಂದರ ಎಂಟು ವಿದ್ಯಾರ್ಥಿಗಳು, ಒಬ್ಬ ಶಿಕ್ಷಕರು ಮತ್ತು ಇಬ್ಬರು ತರಬೇತುದಾರರು ಸಣ್ಣ ದೋಣಿಗಳಲ್ಲಿ ಕಡಲಿಗಿಳಿದರು. ಪಕ್ಕದ ಚಾರ್ಮತ್‌ವರೆಗೆ ಹುಟ್ಟು ಹಾಕಿಕೊಂಡು ಹೋಗುವುದು, ಮಧ್ಯಾಹ್ನದ ಊಟಕ್ಕೆ ಮರಳುವುದು, ಇಷ್ಟೇ ಲೆಕ್ಕ. ಆ ತರಬೇತುದಾರರಿಗೆ ಕಡಲಿನ ಅನುಭವ ಅತ್ಯಲ್ಪ. ಆಪತ್ತಿನ ಬೆಳಕು ಹಾರಿಸುವ ಸಾಧನ ಅವರ ಬಳಿ ಇರಲಿಲ್ಲ, ರೇಡಿಯೋ ಕೂಡ ಇರಲಿಲ್ಲ. ಶಿಕ್ಷಕರ ದೋಣಿ ಮತ್ತೆ ಮತ್ತೆ ಮಗುಚಿದಾಗ ಒಬ್ಬ ತರಬೇತುದಾರ ಅವರ ಜೊತೆ ಉಳಿದರು. ಅಷ್ಟರಲ್ಲಿ ದಡದ ಕಡೆಯಿಂದ ಬೀಸುತ್ತಿದ್ದ ಗಾಳಿ ಮಕ್ಕಳನ್ನು ದೂರ ಒಯ್ದಿತ್ತು. ದೋಣಿಗಳಲ್ಲಿ ನೀರು ತುಂಬಿತು. ಊಟದ ಹೊತ್ತು ಕಳೆದು ಗಂಟೆಗಳಾದ ಮೇಲೆ ಕಾವಲು ಪಡೆಗೆ ಸುದ್ದಿ ಹೋಯಿತು. ಮಾರ್ಚ್ ತಿಂಗಳ ಆ ಕೊರೆಯುವ ನೀರಿನಲ್ಲಿ ಇಬ್ಬರು ಹುಡುಗಿಯರು, ಇಬ್ಬರು ಹುಡುಗರು ತೀರಿಕೊಂಡರು. ಯಾರಿಗೂ ಹದಿನೆಂಟು ತುಂಬಿರಲಿಲ್ಲ.

ನ್ಯಾಯಾಲಯದಲ್ಲಿ ಆ ಪತ್ರವೇ ಮಾತಾಡಿತು. 1994ರ ಡಿಸೆಂಬರ್‌ನಲ್ಲಿ ನಿರ್ದೇಶಕನಿಗೆ ಮೂರು ವರ್ಷ ಜೈಲು (ಮೇಲ್ಮನವಿಯಲ್ಲಿ ಅದು ಎರಡಾಯಿತು), ಕಂಪನಿಗೆ 60,000 ಪೌಂಡ್ ದಂಡ. ಇಂಗ್ಲೆಂಡಿನಲ್ಲಿ ಕಂಪನಿಯೊಂದು ನರಹತ್ಯೆಯ ಅಪರಾಧಿಯಾದದ್ದು ಅದೇ ಮೊದಲು. 1987ರಲ್ಲಿ ಜೀಬ್ರುಗ್‌ನಲ್ಲಿ ಹಡಗು ಮಗುಚಿ 193 ಜನ ಸತ್ತಾಗ ಅದರ ಒಡೆತನದ ಬೃಹತ್ ಕಂಪನಿ ಪಾರಾಗಿತ್ತು. ಕಂಪನಿಯ 'ಮನಸ್ಸು' ಎನ್ನಬಹುದಾದ ಒಬ್ಬ ತಪ್ಪಿತಸ್ಥ ಅಧಿಕಾರಿಯನ್ನು ಕಾನೂನು ತೋರಿಸಬೇಕಿತ್ತು. ಅಷ್ಟು ದೊಡ್ಡ ಮನೆಯಲ್ಲಿ ಆ ಮನಸ್ಸು ಸಿಗಲಿಲ್ಲ. ಲೈಮ್ ರೀಜಿಸ್‌ನದು ಚಿಕ್ಕ ಕಂಪನಿ, ಪತ್ರ ಓದಿದವನೇ ಯಜಮಾನ. ನನಗೆ ಇದು ನ್ಯಾಯದ ಗೆಲುವಿನಷ್ಟೇ ಅದರ ವಿಚಿತ್ರವೂ ಹೌದು.

ಮಕ್ಕಳ ಹೆತ್ತವರು ಸುಮ್ಮನೆ ಕೂರಲಿಲ್ಲ. ಸರಕಾರ ಮೊದಲು ಹಿಂಜರಿಯಿತು. ಪ್ಲಿಮತ್‌ನ ಸಂಸದ ಡೇವಿಡ್ ಜೇಮಿಸನ್ ಖಾಸಗಿ ಮಸೂದೆ ಮಂಡಿಸಿದರು. 1995ರಲ್ಲಿ ಅದು ಕಾಯ್ದೆಯಾಯಿತು. ಹದಿನೆಂಟರೊಳಗಿನವರಿಗೆ ಹಣ ಪಡೆದು ಬಂಡೆ ಹತ್ತಿಸುವ, ಗುಹೆಗಿಳಿಸುವ, ಚಾರಣಕ್ಕೊಯ್ಯುವ, ನೀರಿಗಿಳಿಸುವ ಕೇಂದ್ರಗಳಿಗೆ ಪರವಾನಗಿ ಕಡ್ಡಾಯವಾಯಿತು. 2010ರಲ್ಲಿ ಲಾರ್ಡ್ ಯಂಗ್ ವರದಿ ಈ ವ್ಯವಸ್ಥೆಯನ್ನೇ ತೆಗೆದುಹಾಕಿ ಎಂದಿತು. ಅದು ಉಳಿಯಿತು.

ಒಂದು ವಿನಾಯಿತಿ ಮಾತ್ರ ಆಗಲೂ ಇತ್ತು, ಈಗಲೂ ಇದೆ: ಶಾಲೆ ತನ್ನದೇ ಮಕ್ಕಳನ್ನು ತಾನೇ ಕರೆದೊಯ್ದರೆ ಪರವಾನಗಿ ಬೇಡ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ಹುಡುಗಿಯರು ಮುರುಡೇಶ್ವರದ ಕಡಲಲ್ಲಿ ಮುಳುಗಿದರು. ಅದು ಶಾಲೆಯದೇ ಪ್ರವಾಸ, ಜೊತೆಗಿದ್ದವರು ಶಿಕ್ಷಕರೇ. ಆ ಇಂಗ್ಲಿಷ್ ಕಾಯ್ದೆ ನಮ್ಮಲ್ಲಿ ಇದ್ದಿದ್ದರೂ ಆ ಹುಡುಗಿಯರ ಪ್ರವಾಸ ಅದರ ಹೊರಗೇ ಉಳಿಯುತ್ತಿತ್ತು.