ಶಿಲೆಯ ಸಾಕ್ಷ್ಯ, ಓಲೆಯ ಸಾಕ್ಷ್ಯ: ಭಾಷಾಚರಿತ್ರೆಯ ಒಂದು ವಿಧಾನವಿಚಾರ

ಕಾಲ ತಿಳಿಯದ ಕಾವ್ಯವೊಂದು ದೊರೆತಾಗ ಅದರ ಭಾಷೆಯನ್ನು ನೋಡಿ ಕಾಲವನ್ನು ಊಹಿಸುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ‘ಪೋಗು’, ‘ಪಾಲ್’ ಎಂದಿದ್ದರೆ ಪ್ರಾಚೀನ, ‘ಹೋಗು’, ‘ಹಾಲು’ ಎಂದಿದ್ದರೆ ಅರ್ವಾಚೀನ ಎಂಬ ತೀರ್ಮಾನ ಸುಲಭವಾಗಿ ಹೊರಬೀಳುತ್ತದೆ. ಅನಂತರ ಅದೇ ಕಾವ್ಯವನ್ನು ಆಧಾರವಾಗಿಟ್ಟುಕೊಂಡು ಪಕಾರವು ಹಕಾರವಾದುದು ಯಾವಾಗ ಎಂಬುದನ್ನು ನಿರ್ಣಯಿಸುತ್ತೇವೆ. ಸಾಧಿಸಬೇಕಾದುದನ್ನೇ ಸಾಧನವಾಗಿ ಹಿಡಿಯುವ ಈ ಅನ್ಯೋನ್ಯಾಶ್ರಯ ದೋಷಕ್ಕೆ, ಮಧ್ಯಕಾಲೀನ ಸಾಹಿತ್ಯವನ್ನು ಪಾಠ ಹೇಳುತ್ತ ಬಂದ ನಾವೂ ಹೊರತಾಗಿರಲಿಲ್ಲ.

ಈ ಸುಳಿಯಿಂದ ಹೊರಬರುವ ಮಾರ್ಗವನ್ನು ತೋರಿದವರು ಶಾಸನಗಳ ಭಾಷೆಯನ್ನು ಪ್ರತ್ಯೇಕವಾಗಿ ಅಭ್ಯಸಿಸಿದ ವಿದ್ವಾಂಸರು. ಬಿ.ಎಲ್. ರೈಸ್ ಅವರು ೧೮೮೬ರಿಂದ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳು ಇದಕ್ಕೆ ವಿಪುಲ ಸಾಮಗ್ರಿಯನ್ನೊದಗಿಸಿದವು. ಎ.ಎನ್. ನರಸಿಂಹಯ್ಯ ಅವರ ಅತಿ ಪ್ರಾಚೀನ ಕನ್ನಡ ಶಾಸನಗಳ ವ್ಯಾಕರಣ ೧೯೪೧ರಲ್ಲಿ ಪ್ರಕಟವಾಯಿತು. ೧೯೪೬ರಲ್ಲಿ ಪುಣೆಯ ಡೆಕ್ಕನ್ ಕಾಲೇಜು ಜಿ.ಎಸ್. ಗಾಯಿ ಅವರ ಹಳಗನ್ನಡದ ಚಾರಿತ್ರಿಕ ವ್ಯಾಕರಣವನ್ನು ಪ್ರಕಟಿಸಿತು. ಅದಕ್ಕೆ ಆಧಾರ ೮, ೯ ಮತ್ತು ೧೦ನೆಯ ಶತಮಾನಗಳ ಶಾಸನಗಳು ಮಾತ್ರ. ಆ ‘ಮಾತ್ರ’ ಎಂಬ ನಿರ್ಬಂಧದಲ್ಲಿಯೇ ವಿಧಾನದ ಬಲವಿದೆ.

ಅದೇಕೆಂಬುದಕ್ಕೆ ಪಂಪನ ಮನೆತನವೇ ನಿದರ್ಶನ. ಪಂಪನು ತನ್ನ ಕಾವ್ಯಗಳನ್ನು ರಚಿಸಿದ್ದು ಕ್ರಿ.ಶ. ೯೪೧ರ ಸುಮಾರಿನಲ್ಲಿ, ನಮಗೆ ದೊರೆತಿರುವ ಓಲೆಗಳಾದರೋ ಶತಮಾನಗಳ ಅನಂತರದ ಪ್ರತಿಗಳು. ಅವನ ತಮ್ಮ ಜಿನವಲ್ಲಭನು ಇಂದಿನ ತೆಲಂಗಾಣದ ಕುರ್ಕ್ಯಾಲದ ಬಂಡೆಯಲ್ಲಿ ಸಂಸ್ಕೃತ, ಕನ್ನಡ, ತೆಲುಗುಗಳಲ್ಲಿ ಕೆತ್ತಿಸಿದ ಶಾಸನಕ್ಕೂ ನಮಗೂ ನಡುವೆ ಯಾವ ಪ್ರತಿಕಾರನೂ ಇಲ್ಲ. ಅಣ್ಣನ ಮಾತು ಹಲವು ಕೈಗಳನ್ನು ದಾಟಿ ಬಂದಿದೆ. ತಮ್ಮನದು ನೇರವಾಗಿ ಬಂದಿದೆ.

ಹಾಗೆಂದು ಕಾವ್ಯದ ಸಾಕ್ಷ್ಯವನ್ನು ತಳ್ಳಿಹಾಕುವಂತಿಲ್ಲ. ಪ್ರತಿಕಾರನ ತಿದ್ದುಪಡಿಯನ್ನು ಕಂಡುಹಿಡಿಯಲು ಛಂದಸ್ಸು ಕೆಲವೆಡೆ ನೆರವಾಗುತ್ತದೆ. ಪದ್ಯದ ಪಾದಗಳ ಎರಡನೆಯ ಅಕ್ಷರದಲ್ಲಿ ಪ್ರಾಸ ಬರುವುದಷ್ಟೆ. ಆ ಸ್ಥಾನದಲ್ಲಿ ಕವಿಯು ೞಕಾರವನ್ನೂ ಳಕಾರವನ್ನೂ ಬೇರೆಬೇರೆಯಾಗಿ ಕಾಯ್ದುಕೊಂಡಿದ್ದರೆ, ಪ್ರತಿಕಾರನು ೞಕಾರವನ್ನೆಲ್ಲ ಳಕಾರವಾಗಿ ಬರೆದಿದ್ದರೂ ಮೂಲರೂಪವನ್ನು ಊಹಿಸಬಹುದು. ಎರಡನ್ನೂ ಬೆರೆಸಿ ಪ್ರಾಸವಿಟ್ಟಿದ್ದರೆ ಭೇದವು ಕವಿಯ ಕಾಲಕ್ಕೇ ಸಡಿಲಗೊಂಡಿತ್ತೆನ್ನಬೇಕು. ಆದರೆ ‘ಪೋಗು’, ‘ಹೋಗು’ಗಳ ವಿಷಯದಲ್ಲಿ ಈ ರಕ್ಷಣೆಯಿಲ್ಲ. ವ್ಯತ್ಯಾಸವಿರುವುದು ಪದದ ಮೊದಲ ಅಕ್ಷರದಲ್ಲಿ, ಮಾತ್ರೆಯೂ ಕೆಡುವುದಿಲ್ಲ. ನಾವು ಹೆಚ್ಚು ನೆಚ್ಚಿಕೊಂಡ ಲಕ್ಷಣವೇ ಹೆಚ್ಚು ಅರಕ್ಷಿತವೆಂಬುದು ಗಮನಾರ್ಹ.

ವ್ಯಾಕರಣ ಗ್ರಂಥಗಳನ್ನೂ ಹೀಗೆಯೇ ಪರಿಶೀಲಿಸಬೇಕು. ೧೩ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ೞಕಾರವುಳ್ಳ ಶಬ್ದಗಳನ್ನು ಪಟ್ಟಿಮಾಡಿದ್ದಾನೆ. ಆ ಧ್ವನಿ ಆಗ ಜೀವಂತವಾಗಿತ್ತೆಂದು ಇದರಿಂದ ತಿಳಿಯುವುದು ಸರಿಯಲ್ಲ. ಕಿವಿಗೆ ಭೇದ ಕೇಳಿಸುತ್ತಿದ್ದರೆ ಪಟ್ಟಿಯ ಅಗತ್ಯವೇನಿತ್ತು? ನಿಯಮವು ಅನೇಕವೇಳೆ ಆಡುಮಾತಿನಲ್ಲಿ ಕಳೆದುಹೋದುದರ ಸ್ಮರಣೆಯಾಗಿರುತ್ತದೆ.

ಶಿಲೆಯೂ ಪೂರ್ಣ ಸತ್ಯವನ್ನು ನುಡಿಯುವುದಿಲ್ಲ. ದಾನದ ಒಕ್ಕಣೆಗೆ ಅದರದೇ ಆದ ಸಿದ್ಧಶೈಲಿಯಿದೆ. ಕಂಡರಿಸುವವನ ಕೈಯೂ ತಪ್ಪುತ್ತದೆ. ಆದರೆ ೧೦ನೆಯ ಶತಮಾನದ ಶಾಸನದಲ್ಲಿ ಹಕಾರರೂಪವೊಂದು ಕಂಡರೆ ಅದು ಆ ಕಾಲದ್ದೆಂಬುದರಲ್ಲಿ ಸಂದೇಹವಿಲ್ಲ. ಓಲೆಯಲ್ಲಿ ಕಂಡದ್ದಕ್ಕೆ ಅಂತಹ ಭರವಸೆಯಿಲ್ಲ.

ಈ ವಿವೇಕವು ಅತ್ಯಗತ್ಯವಾಗುವುದು ವಚನಗಳ ಅಧ್ಯಯನದಲ್ಲಿ. ೧೨ನೆಯ ಶತಮಾನದ ಆ ಮಾತುಗಳು ನಮಗೆ ತಲಪಿರುವುದು ಬಹಳ ಈಚಿನ ಪ್ರತಿಗಳಲ್ಲಿ; ಪ್ರಾಸದ ಕಾವಲೂ ಅಲ್ಲಿಲ್ಲ. ಅವುಗಳ ಭಾಷೆ ಇಂದಿಗೂ ಸುಲಭವಾಗಿ ತಿಳಿಯುವುದೆಂದು ನಾವು ಸಂತೋಷಪಡುತ್ತೇವೆ. ಆ ಸುಲಭತೆಯಲ್ಲಿ ಶರಣರ ಪಾಲೆಷ್ಟು, ಪ್ರತಿಕಾರರ ಪಾಲೆಷ್ಟು ಎಂಬುದನ್ನು ಸಮಕಾಲೀನ ಶಾಸನಗಳೊಡನೆ ಹೋಲಿಸಿ ತೂಗಿನೋಡದೆ, ಅಂದಿನ ಜನರ ಆಡುಮಾತು ಇದೇ ಎಂದು ಬೋಧಿಸುವುದು ನ್ಯಾಯವಲ್ಲ. ಹಾಗೆ ತೂಗುವುದರಿಂದ ವಚನಗಳ ಬೆಲೆ ಕುಂದುವುದಿಲ್ಲ. ನಮ್ಮ ಮಾತಿನ ಬೆಲೆ ಹೆಚ್ಚುತ್ತದೆ.