ಹಗ್ಗದ ಆಯ್ಕೆ ಮತ್ತು ಕುಣಿಕೆಯ ಭದ್ರತೆ: ಮ್ಯಾಟರ್‌ಹಾರ್ನ್ ದುರಂತದ ಒಂದು ವಿಮರ್ಶೆ

ಇತಿಹಾಸದ ಆಧಾರಗಳೆಂದೊಡನೆ ಶಾಸನ, ನಾಣ್ಯ, ಕಡತಗಳು ನಮ್ಮ ನೆನಪಿಗೆ ಬರುವುದು ಸಹಜ. ಆದರೆ ಒಂದು ತುಂಡು ಹಗ್ಗವೂ ಆಧಾರವಾಗಬಲ್ಲದು. ಸ್ವಿಟ್ಜರ್ಲೆಂಡಿನ ಜೆರ್ಮಾಟ್ ಗ್ರಾಮದ ವಸ್ತುಸಂಗ್ರಹಾಲಯದಲ್ಲಿರುವ, ೧೮೬೫ರಲ್ಲಿ ಕಡಿದ ಹಗ್ಗವು ಅಂಥದು. ಅದರ ಸಾಕ್ಷ್ಯವನ್ನು ಇಲ್ಲಿ ಪರಿಶೀಲಿಸುತ್ತೇವೆ.

ಆ ವರ್ಷದ ಜುಲೈ ೧೪ರಂದು ಎಡ್ವರ್ಡ್ ವಿಂಪರನೂ ಅವನ ಆರು ಮಂದಿ ಸಂಗಡಿಗರೂ ೪,೪೭೮ ಮೀಟರ್ ಎತ್ತರದ ಮ್ಯಾಟರ್‌ಹಾರ್ನ್ ಶಿಖರವನ್ನು ಮೊತ್ತಮೊದಲು ಏರಿದರು. ಇಳಿಯುವಾಗ ಅನುಭವ ಸಾಲದ ಹ್ಯಾಡೋ ಕಾಲುಜಾರಿ ಮುಂದಿದ್ದ ಮಾರ್ಗದರ್ಶಿ ಕ್ರೋನ ಮೇಲೆ ಬಿದ್ದನು. ಇಬ್ಬರ ಭಾರವೂ ಹಡ್ಸನ್, ಲಾರ್ಡ್ ಫ್ರಾನ್ಸಿಸ್ ಡಗ್ಲಾಸ್ ಇವರನ್ನು ಸೆಳೆಯಿತು. ಡಗ್ಲಾಸನಿಗೂ ಅವನ ಮೇಲಿದ್ದ ಮಾರ್ಗದರ್ಶಿ ಹಿರಿಯ ಪೀಟರ್ ತೌಗ್ವಾಲ್ಡರನಿಗೂ ನಡುವಿನ ಹಗ್ಗ ಕಡಿಯಿತು, ನಾಲ್ವರೂ ಮಡಿದರು.

ತೌಗ್ವಾಲ್ಡರನು ಹಗ್ಗವನ್ನು ಕೊಯ್ದನೆಂಬ ಅಪವಾದ ಹುಟ್ಟಿತು. ವಿಚಾರಣೆಯಲ್ಲಿ ಅವನು ನಿರ್ದೋಷಿಯೆಂದು ತೀರ್ಮಾನವಾದರೂ ಅಪವಾದ ಅವನ ಬೆನ್ನು ಬಿಡಲಿಲ್ಲ. ವಿಂಪರನು ೧೮೭೧ರ ತನ್ನ ಗ್ರಂಥದಲ್ಲಿ ಕೊಯ್ದ ಮಾತನ್ನು ನಿರಾಕರಿಸಿದನು. ಆದರೆ ತಂದಿದ್ದ ಮೂರು ಬಗೆಯ ಹಗ್ಗಗಳಲ್ಲಿ ಅತ್ಯಂತ ದುರ್ಬಲವಾದುದನ್ನೇ ಅಲ್ಲಿ ಏಕೆ ಕಟ್ಟಲಾಯಿತೆಂಬ ಸಂಶಯವನ್ನು ಉಳಿಸಿದನು. ಉತ್ತಮ ಹಗ್ಗವು ೨೫೦ ಅಡಿಗಿಂತ ಹೆಚ್ಚು ಬಳಕೆಯಾಗದೆ ಉಳಿದಿತ್ತೆಂದೂ ಅವನೇ ಬರೆದಿದ್ದಾನೆ.

ಇಲ್ಲಿ ಎರಡು ಸಂಗತಿಗಳನ್ನು ನಾವು ಗಮನಿಸಬೇಕು. ಮೊದಲನೆಯದು, ಹಗ್ಗದ ವಿಷಯದ ಅರಿವು ಆಗಲೇ ಇದ್ದಿತು. ಲಂಡನ್ನಿನ ಆಲ್ಪೈನ್ ಕ್ಲಬ್ಬಿನ ಸಮಿತಿಯೊಂದು ೧೮೬೪ರಲ್ಲಿ ಬೀಳುವ ಭಾರದ ಸೆಳೆತಕ್ಕೆ ಹಗ್ಗಗಳನ್ನು ಒಡ್ಡಿ ಪರೀಕ್ಷಿಸಿ, ಮನಿಲಾ ನಾರಿನದು ಮುಂತಾದ ಕೆಲವನ್ನು ಮಾತ್ರ ಯೋಗ್ಯವೆಂದು ಆರಿಸಿತ್ತು. ಕೆಳಗಿನ ನಾಲ್ವರನ್ನು ಬಿಗಿದದ್ದು ಆ ಮನಿಲಾ ಹಗ್ಗ ಇಲ್ಲವೆ ಅಷ್ಟೇ ಬಲವಾದ ಎರಡನೆಯ ಬಗೆಯ ಹಗ್ಗ. ಎರಡನೆಯದು, ವಿಂಪರನ ಹೇಳಿಕೆಯಂತೆ ಹಗ್ಗ ಕಡಿದದ್ದು ಇಬ್ಬರ ನಡುವಣ ಅಂತರದಲ್ಲಿ. ಸೊಂಟದ ಗಂಟುಗಳು ಬಿಚ್ಚಲಿಲ್ಲ.

ಭದ್ರ ಕುಣಿಕೆಯ ವಿದ್ಯೆ ನಾವಿಕರಿಂದ ಬಂದುದು. ಬೋಲೈನ್ ಗಂಟಿನ ಉಲ್ಲೇಖ ಜಾನ್ ಸ್ಮಿತ್ತನ ೧೬೨೭ರ ನೌಕಾಗ್ರಂಥದಲ್ಲಿದೆ. ಹಗ್ಗದಲ್ಲಿ ಸಣ್ಣ ಬಳೆ ಮಾಡಿ, ತುದಿಯನ್ನು ಅದರ ಕೆಳಗಿನಿಂದ ಮೇಲೆ ತಂದು, ಭಾರ ಹೊರುವ ಎಳೆಯ ಹಿಂದೆ ಸುತ್ತಿಸಿ, ಮರಳಿ ಅದೇ ಬಳೆಯೊಳಕ್ಕೆ ಇಳಿಸಿ ಬಿಗಿಯುವುದು ಅದರ ಕ್ರಮ. ಜೀರುಗುಣಿಕೆಯಂತೆ ಅದು ಮೈಯನ್ನು ಬಿಗಿಯುವುದಿಲ್ಲ. ಆದರೆ ಯಾವ ಗಂಟಾದರೂ ಹಗ್ಗವನ್ನು ಬಾಗಿಸುವುದರಿಂದ ಅದರ ಬಲವನ್ನು ತಗ್ಗಿಸುತ್ತದೆಯೇ ಹೊರತು ಹೆಚ್ಚಿಸದು. ಆದುದರಿಂದ ಆಯ್ಕೆಯ ದೋಷವನ್ನು ಕಟ್ಟುವವನ ಕೈಚಳಕ ತುಂಬಿಕೊಡಲಾರದು. ಹಗ್ಗ ಬದಲಾದರೆ ಗಂಟೂ ಬದಲಾಗಬೇಕು. ೧೯೪೦ರ ದಶಕದಿಂದ ನೈಲಾನ್ ಹಗ್ಗ ಬಳಕೆಗೆ ಬಂದ ಮೇಲೆ, ನುಣುಪಾದ ಅದರಲ್ಲಿ ಬೋಲೈನ್ ಸಡಿಲಗೊಳ್ಳುವ ಅಪಾಯವಿರುವುದರಿಂದ ಎಂಟರ ಆಕಾರದ ಕುಣಿಕೆ ಕ್ರಮೇಣ ಪ್ರಚಾರಕ್ಕೆ ಬಂದಿತು.

ಹೀಗಿರಲು ಹೊಣೆ ಯಾರದು? ಹಗ್ಗಗಳನ್ನು ತಂದವನು ವಿಂಪರನೇ. ಶಿಖರದಲ್ಲಿ ಇತರರು ಇಳಿಯಲು ಅಣಿಯಾಗುತ್ತಿದ್ದಾಗ ಅವನು ಚಿತ್ರ ಬರೆಯುತ್ತಲೂ, ಹೆಸರುಗಳನ್ನು ಸೀಸೆಯಲ್ಲಿಡುತ್ತಲೂ ಇದ್ದನೆಂದು ಅವನ ಗ್ರಂಥವೇ ತಿಳಿಸುತ್ತದೆ. ಕಟ್ಟಿದ ಹಗ್ಗಗಳನ್ನು ಯಾರೂ ಮತ್ತೊಮ್ಮೆ ನೋಡಲಿಲ್ಲ. ಲೇಖನಿ ಹಿಡಿದವನ ಸಂಶಯ ಗ್ರಂಥಸ್ಥವಾಯಿತು. ಕೂಲಿಗೆ ಬಂದ ಮಾರ್ಗದರ್ಶಿಗೆ ಅಂಥ ಗ್ರಂಥವಿರಲಿಲ್ಲ. ಲಿಖಿತ ಆಧಾರವನ್ನು ಓದುವಾಗ ಈ ಅಸಮತೆಯನ್ನು ತೂಗುವುದು ಇತಿಹಾಸದ ವಿದ್ಯಾರ್ಥಿಯ ಕರ್ತವ್ಯವೆಂದು ನಮ್ಮ ಭಾವನೆ.