ಎತ್ತಿನ ಗಾಡಿ ಒಂದೇ, ಏರಿದವರು ಬೇರೆ ಬೇರೆ

1973ರ ನವೆಂಬರ್ 12. ಸಂಸತ್ತಿನ ಚಳಿಗಾಲದ ಅಧಿವೇಶನದ ಮೊದಲ ದಿನ. ಜನಸಂಘದ ನಾಯಕ ಅಟಲ್ ಬಿಹಾರಿ ವಾಜಪೇಯಿ ಇನ್ನಿಬ್ಬರು ಸದಸ್ಯರೊಡನೆ ಎತ್ತಿನ ಗಾಡಿಯಲ್ಲಿ ಕುಳಿತು ಸಂಸತ್ ಭವನಕ್ಕೆ ಬಂದರು. ಇಂದಿರಾ ಗಾಂಧಿಯವರ ಸರ್ಕಾರ ಪೆಟ್ರೋಲ್ ಮತ್ತು ಸೀಮೆಎಣ್ಣೆಯ ಬೆಲೆ ಏರಿಸಿದ್ದನ್ನು ಪ್ರತಿಭಟಿಸುವುದು ಅವರ ಉದ್ದೇಶವಾಗಿತ್ತು. ಅದೇ ದಿನಗಳಲ್ಲಿ ಪ್ರಧಾನಿಯೂ ಇಂಧನ ಉಳಿತಾಯಕ್ಕೆ ಮಾದರಿಯಾಗಲೆಂದು ಕುದುರೆ ಗಾಡಿ ಏರಿದ್ದರು. ದೆಹಲಿಯ ಬೀದಿಯಲ್ಲಿ ಹೀಗೆ ಎರಡು ಗಾಡಿಗಳು ಕಾಣಿಸಿಕೊಂಡವು. ಜನ ಮಿತವ್ಯಯ ಕಲಿಯಬೇಕು ಎಂದಿತು ಒಂದು. ಸರ್ಕಾರ ತಪ್ಪು ಒಪ್ಪಿಕೊಳ್ಳಬೇಕು ಎಂದಿತು ಇನ್ನೊಂದು.

ಸುಮಾರು 48 ವರ್ಷಗಳ ನಂತರ, 2021ರ ಸೆಪ್ಟೆಂಬರ್ 13ರಂದು, ಬೆಂಗಳೂರಿನಲ್ಲಿ ಅದೇ ದೃಶ್ಯ ಮರುಕಳಿಸಿತು. ವಿಧಾನಮಂಡಲದ ಅಧಿವೇಶನದ ಮೊದಲ ದಿನ ಕಾಂಗ್ರೆಸ್ ನಾಯಕರಾದ ಸಿದ್ದರಾಮಯ್ಯ ಮತ್ತು ಡಿ.ಕೆ. ಶಿವಕುಮಾರ್ ಎತ್ತಿನ ಗಾಡಿ ಏರಿ ವಿಧಾನಸೌಧದತ್ತ ಹೊರಟರು. ಪೆಟ್ರೋಲ್ ಲೀಟರಿಗೆ 100 ರೂಪಾಯಿ ದಾಟಿತ್ತು. ಈ ಬಾರಿ ಕೇಂದ್ರದಲ್ಲೂ ರಾಜ್ಯದಲ್ಲೂ ಅಧಿಕಾರದಲ್ಲಿದ್ದುದು ಅಂದು ದೆಹಲಿಯಲ್ಲಿ ಗಾಡಿ ಏರಿದ್ದ ಪಕ್ಷದ ಉತ್ತರಾಧಿಕಾರಿಗಳು.

‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎಂದು ನಕ್ಕು ಸುಮ್ಮನಾಗಬಹುದು. ಆದರೆ ಈ ಎರಡು ಗಾಡಿಗಳ ನಡುವಿನ ಅರ್ಧ ಶತಮಾನದಲ್ಲಿ ಇಂಧನ ಬೆಲೆಯ ಬಗ್ಗೆ ನಡೆದ ವಾದ-ಪ್ರತಿವಾದವನ್ನು ಗಮನಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಆಡಳಿತದಲ್ಲಿದ್ದವರು ಯಾವಾಗಲೂ ದೂರದ ಯುದ್ಧದತ್ತ ಕೈ ತೋರಿಸಿದ್ದಾರೆ. ವಿರೋಧದಲ್ಲಿದ್ದವರು ಸರ್ಕಾರದತ್ತ ಬೆರಳು ಮಾಡಿದ್ದಾರೆ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಉಳಿದರ್ಧವನ್ನು ಇಬ್ಬರೂ ಹೇಳುವುದಿಲ್ಲ.

ಅಕ್ಟೋಬರ್ ಯುದ್ಧದ ಬಿಸಿ

1973ರ ಅಕ್ಟೋಬರ್ 6ರಂದು ಈಜಿಪ್ಟ್ ಮತ್ತು ಸಿರಿಯಾ ಇಸ್ರೇಲಿನ ಮೇಲೆ ಯುದ್ಧ ಸಾರಿದವು. ಹತ್ತು ದಿನಗಳಲ್ಲೇ ಕೊಲ್ಲಿಯ ತೈಲ ರಾಷ್ಟ್ರಗಳು ಕುವೈತಿನಲ್ಲಿ ಸೇರಿ ಕಚ್ಚಾ ತೈಲದ ಘೋಷಿತ ಬೆಲೆಯನ್ನು ಬ್ಯಾರೆಲ್‌ಗೆ 3.01 ಡಾಲರಿನಿಂದ 5.12 ಡಾಲರಿಗೆ ಏರಿಸಿದವು. ಇಸ್ರೇಲಿಗೆ ನೆರವಾದ ದೇಶಗಳನ್ನು ಮಣಿಸಲು ಅರಬ್ ರಾಷ್ಟ್ರಗಳು ತೈಲ ಉತ್ಪಾದನೆಯನ್ನೇ ಕಡಿತಗೊಳಿಸಿದವು. 1974ರ ಜನವರಿ 1ರ ಹೊತ್ತಿಗೆ ಬೆಲೆ 11.65 ಡಾಲರ್ ಆಗಿತ್ತು. ಮೂರು ತಿಂಗಳೊಳಗೆ ಸುಮಾರು ನಾಲ್ಕು ಪಟ್ಟು.

ಭಾರತ ಆ ವಿವಾದದಲ್ಲಿ ಅರಬ್ಬರ ಪರವಾಗಿತ್ತು. ಆದರೆ ಸ್ನೇಹಕ್ಕೆ ರಿಯಾಯಿತಿ ದರವೇನೂ ಸಿಗಲಿಲ್ಲ. ಬೇಕಾದ ಕಚ್ಚಾ ತೈಲದ ಬಹುಪಾಲನ್ನು ದೇಶ ಹೊರಗಿನಿಂದ ತರುತ್ತಿತ್ತು. 1972-73ರಲ್ಲಿ ಸುಮಾರು 200 ಕೋಟಿ ರೂಪಾಯಿ ಇದ್ದ ತೈಲ ಆಮದಿನ ವೆಚ್ಚ 1974-75ರಲ್ಲಿ 1,100 ಕೋಟಿ ದಾಟಿತು.

ಹಾಗಾದರೆ ವಾಜಪೇಯಿಯವರ ಗಾಡಿ ಅರ್ಥಹೀನವಾಗಿತ್ತೇ? ಹಾಗೂ ಹೇಳಲಾಗದು. ಬೆಲೆ ಏರಿಕೆ ಯುದ್ಧಕ್ಕೆ ಮೊದಲೇ ಜನರನ್ನು ಹಿಂಡತೊಡಗಿತ್ತು. 1971ರ ಯುದ್ಧದ ಖರ್ಚು, ನಿರಾಶ್ರಿತರ ಹೊರೆ, 1972ರ ಬರಗಾಲ, 1973ರಲ್ಲಿ ಗೋಧಿಯ ಸಗಟು ವ್ಯಾಪಾರವನ್ನು ಸರ್ಕಾರ ವಹಿಸಿಕೊಂಡು ಕೈಸುಟ್ಟುಕೊಂಡದ್ದು, ಇವೆಲ್ಲ ಅದರ ಹಿಂದಿದ್ದವು. ಬಳಕೆಯನ್ನು ತಗ್ಗಿಸಬೇಕೆಂದು ಸರ್ಕಾರ ಪೆಟ್ರೋಲ್ ಮೇಲಿನ ಸುಂಕವನ್ನೂ ಏರಿಸಿತ್ತು. 1974ರ ಸೆಪ್ಟೆಂಬರಿನಲ್ಲಿ ಸಗಟು ಬೆಲೆಯ ಏರಿಕೆ ಶೇ. 30 ದಾಟಿತು. ಗುಜರಾತ್ ಮತ್ತು ಬಿಹಾರದ ಚಳವಳಿಗಳು, ಮೇ ತಿಂಗಳ ರೈಲ್ವೆ ಮುಷ್ಕರ ಈ ಹಿನ್ನೆಲೆಯಲ್ಲೇ ನಡೆದವು. ಯುದ್ಧ ಬೆಂಕಿಗೆ ಎಣ್ಣೆ ಸುರಿಯಿತು, ನಿಜ. ಬೆಂಕಿ ಮಾತ್ರ ಮೊದಲೇ ಹತ್ತಿತ್ತು.

ಅಧಿಕಾರ ಬದಲಾದಾಗ

ಐದಾರು ವರ್ಷಗಳಲ್ಲಿ ಪಾತ್ರಗಳು ಅದಲುಬದಲಾದವು. 1979ರಲ್ಲಿ ಇರಾನಿನ ಕ್ರಾಂತಿಯಿಂದ ತೈಲ ಬೆಲೆ ಮತ್ತೆ ನೆಗೆದಾಗ ದೆಹಲಿಯಲ್ಲಿದ್ದುದು ಜನತಾ ಸರ್ಕಾರ. ವಾಜಪೇಯಿ ಅದರ ವಿದೇಶಾಂಗ ಸಚಿವರು. ಸರ್ಕಾರ ಒಳಜಗಳದಿಂದ ಉರುಳಿತು. ಡೀಸೆಲ್, ಸೀಮೆಎಣ್ಣೆಗಾಗಿ ಜನ ಸಾಲು ನಿಂತರು. ಅಸ್ಸಾಂ ಚಳವಳಿಯಿಂದಾಗಿ ಅಲ್ಲಿನ ಕಚ್ಚಾ ತೈಲವೂ ಹೊರಗೆ ಹರಿಯುವುದು ನಿಂತಿತು. ಅಂದರೆ ಆ ಕೊರತೆಗೆ ಇರಾನ್ ಒಂದೇ ಕಾರಣವಾಗಿರಲಿಲ್ಲ. 1980ರ ಜನವರಿಯ ಚುನಾವಣೆಯಲ್ಲಿ ಈರುಳ್ಳಿ ಬೆಲೆಯನ್ನೇ ಅಸ್ತ್ರ ಮಾಡಿಕೊಂಡು ಇಂದಿರಾ ಗಾಂಧಿ ಮರಳಿ ಬಂದರು. ಅದೇ ವರ್ಷ ಅವರ ಸರ್ಕಾರವೂ ತೈಲ ಬೆಲೆ ಏರಿಸಬೇಕಾಯಿತು. ಸೆಪ್ಟೆಂಬರಿನಲ್ಲಿ ಇರಾನ್-ಇರಾಕ್ ಯುದ್ಧ ಆರಂಭವಾಯಿತು. ಭಾರತಕ್ಕೆ ತೈಲ ಒದಗಿಸುತ್ತಿದ್ದ ಮುಖ್ಯ ದೇಶಗಳ ಪೈಕಿ ಇವೆರಡೂ ಇದ್ದವು.

1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿದಾಗ ಆ ಯುದ್ಧ ಕರ್ನಾಟಕದ ಕರಾವಳಿಯ ಮನೆಮನೆಗೂ ಮುಟ್ಟಿತು. ಕುವೈತಿನಿಂದ ಬರಿಗೈಲಿ ಮರಳಿದ ಸುಮಾರು 1,70,000 ಭಾರತೀಯರಲ್ಲಿ ಮಂಗಳೂರು, ಉಡುಪಿ ಕಡೆಯವರೂ ಇದ್ದರು. ಅವರು ಕಳಿಸುತ್ತಿದ್ದ ಹಣ ನಿಂತಿತು. ತೈಲದ ವೆಚ್ಚ ಏರಿತು. ವಿ.ಪಿ. ಸಿಂಗ್ ಸರ್ಕಾರ ಅಕ್ಟೋಬರಿನಲ್ಲಿ ಪೆಟ್ರೋಲ್ ಮುಂತಾದ ಉತ್ಪನ್ನಗಳ ಮೇಲೆ ಶೇ. 25ರ ‘ಕೊಲ್ಲಿ ಸರ್ಚಾರ್ಜ್’ ಹೇರಿತು. ತೆರಿಗೆಗೆ ಯುದ್ಧದ ಹೆಸರನ್ನೇ ಇಟ್ಟ ಅಪರೂಪದ ಪ್ರಸಂಗ ಇದು.

ನಂತರ ಬಂದ ಚಂದ್ರಶೇಖರ್ ಸರ್ಕಾರದ ಕಾಲದಲ್ಲಿ ಯುದ್ಧವೇ ಪಕ್ಷ ರಾಜಕೀಯದ ವಸ್ತುವಾಯಿತು. ಅಮೆರಿಕದ ಸೇನಾ ವಿಮಾನಗಳು ಭಾರತದ ನಿಲ್ದಾಣಗಳಲ್ಲಿ ಇಂಧನ ತುಂಬಿಸಿಕೊಳ್ಳುತ್ತಿವೆ ಎಂಬ ಸುದ್ದಿ 1991ರ ಜನವರಿಯಲ್ಲಿ ಹೊರಬಿತ್ತು. ಸರ್ಕಾರಕ್ಕೆ ಹೊರಗಿನಿಂದ ಬೆಂಬಲ ಕೊಟ್ಟಿದ್ದ ರಾಜೀವ್ ಗಾಂಧಿಯವರ ಕಾಂಗ್ರೆಸ್ಸೇ ಅದನ್ನು ಆಕ್ಷೇಪಿಸಿತು. ಫೆಬ್ರವರಿಯಲ್ಲಿ ಆ ಸೌಲಭ್ಯ ನಿಂತಿತು; ಮಾರ್ಚ್ ಆರಂಭದಲ್ಲಿ ಸರ್ಕಾರವೇ ರಾಜೀನಾಮೆ ನೀಡಿತು. ಆ ವರ್ಷ ದೇಶದ ಬಂಗಾರ ವಿದೇಶಕ್ಕೆ ಹೋಯಿತು. ಕೊಲ್ಲಿ ಬಿಕ್ಕಟ್ಟು ಅದಕ್ಕೆ ಕಾರಣ ಎಂದರು ಕೆಲವರು. 1980ರ ದಶಕದುದ್ದಕ್ಕೂ ಸಾಲ ಮಾಡಿ ಖರ್ಚು ಮಾಡಿದ್ದೇ ಕಾರಣ ಎಂದರು ಇನ್ನು ಕೆಲವರು. ಲೆಕ್ಕದ ಪುಸ್ತಕ ಎರಡನ್ನೂ ಒಪ್ಪುತ್ತದೆ. 1990-91ರಲ್ಲಿ ತೈಲ ಆಮದಿನ ವೆಚ್ಚ ಸುಮಾರು 200 ಕೋಟಿ ಡಾಲರ್ ಹೆಚ್ಚಿತು. ಬೊಕ್ಕಸ ಗಟ್ಟಿಯಾಗಿದ್ದರೆ ಆ ಹೊಡೆತವನ್ನು ತಾಳಿಕೊಳ್ಳಬಹುದಾಗಿತ್ತು.

ಗಾಡಿಯಲ್ಲಿ ಬಂದಿದ್ದ ವಾಜಪೇಯಿಯವರೇ ಪ್ರಧಾನಿಯಾಗಿದ್ದಾಗ, 2000ದ ಸೆಪ್ಟೆಂಬರಿನಲ್ಲಿ, ಕಚ್ಚಾ ತೈಲ 30 ಡಾಲರ್ ದಾಟಿತು. ಸೀಮೆಎಣ್ಣೆ, ಅಡುಗೆ ಅನಿಲ, ಡೀಸೆಲ್ ಬೆಲೆ ಏರಿಸದೆ ಅವರಿಗೂ ಬೇರೆ ದಾರಿ ಕಾಣಲಿಲ್ಲ. ಪ್ರತಿಭಟನೆ ವಿರೋಧ ಪಕ್ಷದಿಂದಷ್ಟೇ ಬರಲಿಲ್ಲ. ಅವರ ಸಂಪುಟದ ಮಮತಾ ಬ್ಯಾನರ್ಜಿಯವರೇ ರಾಜೀನಾಮೆ ಪತ್ರ ಕೊಟ್ಟು, ಆಮೇಲೆ ಹಿಂತೆಗೆದುಕೊಂಡರು.

ಬಾವಿಯಿಂದ ಬಂಕಿನವರೆಗೆ

ಈ ವಾದ ಬಗೆಹರಿಯದಿರುವುದಕ್ಕೆ ಬೆಲೆಯ ರಚನೆಯೇ ಕಾರಣ. ಬಂಕಿನಲ್ಲಿ ಕೊಡುವ ಹಣದಲ್ಲಿ ಮುಖ್ಯವಾಗಿ ಮೂರು ಅಂಶಗಳಿವೆ. ಮೊದಲನೆಯದು ಕಚ್ಚಾ ತೈಲದ ಅಂತರರಾಷ್ಟ್ರೀಯ ಬೆಲೆ. ಎರಡನೆಯದು ಡಾಲರಿನ ಎದುರು ರೂಪಾಯಿಯ ಮೌಲ್ಯ. ಮೂರನೆಯದು ತೆರಿಗೆ. ಮೊದಲನೆಯದನ್ನು ಯುದ್ಧ ಅಲುಗಿಸಬಲ್ಲದು. ಎರಡನೆಯದು ಅರ್ಧ ಹೊರಗಿನದು, ಅರ್ಧ ಒಳಗಿನದು. ಮೂರನೆಯದು ಪೂರ್ತಿಯಾಗಿ ದೆಹಲಿ ಮತ್ತು ರಾಜ್ಯ ರಾಜಧಾನಿಗಳ ಕೈಯಲ್ಲಿದೆ.

2002ರ ಏಪ್ರಿಲ್‌ವರೆಗೆ ಬೆಲೆಯನ್ನು ಸರ್ಕಾರವೇ ನಿಗದಿ ಮಾಡುತ್ತಿತ್ತು. ಆದ್ದರಿಂದ ದೂರು ಯಾರ ಮೇಲೆ ಹೊರಿಸಬೇಕೆಂಬ ಗೊಂದಲ ಇರಲಿಲ್ಲ. ಆನಂತರ ಕಾಗದದ ಮೇಲೆ ನಿಯಂತ್ರಣ ಹೋಯಿತು; ಆಚರಣೆಯಲ್ಲಿ ಉಳಿಯಿತು. 2008ರಲ್ಲಿ ಬ್ಯಾರೆಲ್ ಬೆಲೆ 147 ಡಾಲರ್ ತಲುಪಿದಾಗ ಮನಮೋಹನ ಸಿಂಗ್ ಸರ್ಕಾರ ಪೂರ್ತಿ ಹೊರೆಯನ್ನು ಗ್ರಾಹಕನ ಮೇಲೆ ಹಾಕಲಿಲ್ಲ. ತೈಲ ಕಂಪನಿಗಳಿಗೆ ನಗದಿನ ಬದಲು ಬಾಂಡ್ ಕೊಟ್ಟು, ಸಾಲವನ್ನು ಮುಂದಿನ ವರ್ಷಗಳಿಗೆ ದಾಟಿಸಿತು. 2010ರ ಜೂನ್‌ನಲ್ಲಿ ಪೆಟ್ರೋಲ್ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟಿತು. ಜುಲೈ 5ರಂದು ಬಿಜೆಪಿಯೂ ಎಡಪಕ್ಷಗಳೂ ಒಂದೇ ದಿನ ಭಾರತ್ ಬಂದ್ ನಡೆಸಿದವು.

2014ರಲ್ಲಿ ಅಧಿಕಾರ ಬಿಜೆಪಿಗೆ ಬಂತು. ಅದೇ ವರ್ಷ ಕಚ್ಚಾ ತೈಲವೂ ಕುಸಿಯಿತು. ಅಕ್ಟೋಬರಿನಲ್ಲಿ ಡೀಸೆಲ್ ಕೂಡ ನಿಯಂತ್ರಣದಿಂದ ಹೊರಬಂತು. ಇಳಿದ ಬೆಲೆಯ ದೊಡ್ಡ ಪಾಲು ಗ್ರಾಹಕನ ಬದಲು ಬೊಕ್ಕಸಕ್ಕೆ ಹೋಯಿತು. 2014ರಲ್ಲಿ ಪೆಟ್ರೋಲ್ ಲೀಟರಿಗೆ 9.48 ರೂಪಾಯಿ ಇದ್ದ ಕೇಂದ್ರದ ಅಬಕಾರಿ ಸುಂಕ, ಕೊರೊನಾ ಕಾಲದಲ್ಲಿ ತೈಲ ನೆಲಕಚ್ಚಿದ್ದ 2020ರ ಮೇನಲ್ಲಿ ಸುಮಾರು 33 ರೂಪಾಯಿಗೆ ಏರಿತು. ಮುಂದಿನ ವರ್ಷ ಟೀಕೆ ಕೇಳಿಬಂದಾಗ ಹಿಂದಿನ ಸರ್ಕಾರದ ಬಾಂಡ್‌ಗಳನ್ನು ತೀರಿಸಬೇಕಿದೆ ಎಂಬ ಉತ್ತರ ಬಂತು. ಬಾಂಡ್ ಇದ್ದದ್ದು ನಿಜ. ಸುಂಕದಿಂದ ಬಂದ ಆದಾಯ ಆ ಸಾಲವನ್ನು ಎಷ್ಟೋ ಮೀರಿದ್ದೂ ನಿಜ.

2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿತು. ಮಾರ್ಚ್ ಮೊದಲ ವಾರದ ಕೊನೆಗೆ ತೈಲ ಬೆಲೆ 139 ಡಾಲರ್ ಮುಟ್ಟಿತು. ಪ್ರತಿದಿನ ಬದಲಾಗಬೇಕಿದ್ದ ಬಂಕಿನ ಬೆಲೆ ಮಾತ್ರ ಹಿಂದಿನ ನವೆಂಬರಿನಿಂದ ಅಲುಗಲಿಲ್ಲ. ಉತ್ತರ ಪ್ರದೇಶ ಸೇರಿ ಐದು ರಾಜ್ಯಗಳ ಚುನಾವಣಾ ಫಲಿತಾಂಶ ಮಾರ್ಚ್ 10ರಂದು ಬಂತು. ಮಾರ್ಚ್ 22ರಿಂದ ಏರಿಕೆ ಆರಂಭವಾಗಿ ಹದಿನಾರು ದಿನಗಳಲ್ಲಿ ಲೀಟರಿಗೆ 10 ರೂಪಾಯಿ ಹೆಚ್ಚಾಯಿತು. ಯುದ್ಧ ತೈಲದ ಬೆಲೆಯನ್ನು ಏರಿಸಿತು. ಆ ಏರಿಕೆ ಯಾವ ದಿನ ಮನೆಬಾಗಿಲಿಗೆ ಬರಬೇಕೆಂಬುದನ್ನು ಯುದ್ಧ ನಿರ್ಧರಿಸಲಿಲ್ಲ. ಮೇ ತಿಂಗಳಲ್ಲಿ ಕೇಂದ್ರ ಪೆಟ್ರೋಲ್ ಸುಂಕವನ್ನು 8 ರೂಪಾಯಿ ಇಳಿಸಿತೆಂಬುದನ್ನೂ ಇಲ್ಲಿ ಹೇಳಬೇಕು.

ರಾಜ್ಯಗಳೂ ಇದಕ್ಕೆ ಹೊರತಲ್ಲ. ಅವುಗಳ ಮಾರಾಟ ತೆರಿಗೆ ಶೇಕಡಾವಾರು ಲೆಕ್ಕದ್ದು. ಮೂಲ ಬೆಲೆ ಏರಿದಂತೆ ತಾನಾಗಿ ಬೆಳೆಯುತ್ತದೆ. 2024ರ ಜೂನ್‌ನಲ್ಲಿ ಕರ್ನಾಟಕದ ಕಾಂಗ್ರೆಸ್ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿತು. ಲೀಟರಿಗೆ ಸುಮಾರು 3 ರೂಪಾಯಿ ಹೆಚ್ಚಾಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯ, ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್. ಬೀದಿಗಿಳಿದು ಪ್ರತಿಭಟಿಸುವ ಸರದಿ ಈಗ ಬಿಜೆಪಿಯದಾಗಿತ್ತು.

ಯಾರ ಹೆಸರೂ ಇಲ್ಲದ ಕೆಲಸ

ಇಷ್ಟೆಲ್ಲ ಗದ್ದಲದ ನಡುವೆ ದೇಶವನ್ನು ನಿಜವಾಗಿ ಕಾಪಾಡಿದ ಕೆಲಸಗಳು ಸದ್ದಿಲ್ಲದೆ ನಡೆದವು. ಸಾಗರ್ ಸಾಮ್ರಾಟ್ ಎಂಬ ಕೊರೆಯುವ ಹಡಗು 1974ರ ಫೆಬ್ರವರಿಯಲ್ಲಿ ಬಾಂಬೆ ಹೈನಲ್ಲಿ ತೈಲ ಕಂಡಿತು. 1976ರಲ್ಲಿ ಉತ್ಪಾದನೆ ಆರಂಭವಾಯಿತು. ಎಂಬತ್ತರ ದಶಕದ ನಡುವಿನಲ್ಲಿ ದೇಶದ ಅಗತ್ಯದ ಸುಮಾರು ಮೂರನೇ ಎರಡು ಭಾಗ ಒಳಗಿನಿಂದಲೇ ಸಿಗುವಂತಾಯಿತು. ಬಳಕೆ ಬೆಳೆಯುತ್ತಾ ಹೋಗಿ, ಹೊಸ ನಿಕ್ಷೇಪಗಳು ಆ ಪ್ರಮಾಣದಲ್ಲಿ ಸಿಗದೆ, ಆ ಸ್ಥಿತಿ ಉಳಿಯಲಿಲ್ಲ. ಕಚ್ಚಾ ತೈಲಕ್ಕಾಗಿ ಹೊರದೇಶಗಳ ಮೇಲಿನ ಅವಲಂಬನೆ ಶೇ. 85 ದಾಟಿತು.

ಇನ್ನೊಂದು ಕೆಲಸ ಕನ್ನಡ ನಾಡಿನ ನೆಲದಡಿಯಲ್ಲೇ ಇದೆ. ಯುದ್ಧ ಬಂದು ಹಡಗುಗಳು ನಿಂತರೆ ಕೆಲವು ದಿನವಾದರೂ ನಿಭಾಯಿಸಲು ಬಂಡೆಯೊಳಗೆ ಗುಹೆ ಕೊರೆದು ಕಚ್ಚಾ ತೈಲ ತುಂಬಿಡುವ ಯೋಜನೆ ವಾಜಪೇಯಿ ಸರ್ಕಾರದ ಕಾಲದಲ್ಲಿ ರೂಪುಗೊಂಡಿತು. ಮನಮೋಹನ ಸಿಂಗ್ ಸರ್ಕಾರದ ಕಾಲದಲ್ಲಿ ಬಹುಪಾಲು ಕಟ್ಟಲ್ಪಟ್ಟಿತು. ನರೇಂದ್ರ ಮೋದಿ ಸರ್ಕಾರದ ಕಾಲದಲ್ಲಿ ಪೂರ್ಣಗೊಂಡಿತು. ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್, ವಿಶಾಖಪಟ್ಟಣದಲ್ಲಿ 13 ಲಕ್ಷ ಟನ್ನಿಗಿಂತ ಹೆಚ್ಚು ಹಿಡಿಸುವ ಗುಹೆಗಳಿವು. 2020ರಲ್ಲಿ ತೈಲ ಅಗ್ಗವಾಗಿದ್ದಾಗ ಇವನ್ನು ತುಂಬಿದ್ದರಿಂದ ಸುಮಾರು 5,000 ಕೋಟಿ ರೂಪಾಯಿ ಉಳಿಯಿತೆಂದು ಸರ್ಕಾರದ ಲೆಕ್ಕ. ಈ ಸಂಗ್ರಹ ದೇಶದ ಸುಮಾರು ಒಂಬತ್ತು-ಹತ್ತು ದಿನಗಳ ಅಗತ್ಯಕ್ಕೆ ಸಾಕಾಗುವಷ್ಟು ಮಾತ್ರ. ಆದರೂ ಒಂದು ಸರ್ಕಾರ ಆರಂಭಿಸಿದ್ದನ್ನು ಇನ್ನೊಂದು ಕೈಬಿಡದೆ ಮುಂದುವರಿಸಿದ ಅಪರೂಪದ ಉದಾಹರಣೆ ಇದು. ಚುನಾವಣಾ ಭಾಷಣದಲ್ಲಿ ಇದರ ಪ್ರಸ್ತಾಪ ಕೇಳಿಬಂದದ್ದು ಕಡಿಮೆ.

ಯುದ್ಧಗಳನ್ನು ತಡೆಯುವುದು ದೆಹಲಿಯ ಕೈಯಲ್ಲಿಲ್ಲ, ಬೆಂಗಳೂರಿನ ಕೈಯಲ್ಲಂತೂ ಇಲ್ಲ. ಯುದ್ಧ ಬಂದಾಗ ಆ ಹೊರೆಯನ್ನು ಯಾರು ಹೊರಬೇಕು, ಎಷ್ಟು ಹೊರಬೇಕು, ಬೆಲೆ ಇಳಿದಾಗ ಉಳಿದ ಹಣ ಯಾರಿಗೆ ಸೇರಬೇಕು ಎಂಬುದು ಮಾತ್ರ ಇಲ್ಲಿಯೇ ತೀರ್ಮಾನವಾಗುವ ವಿಷಯ. ಟೆಂಪೊ ಓಡಿಸುವವನಿಗೂ ಪಂಪ್‌ಸೆಟ್ಟಿಗೆ ಡೀಸೆಲ್ ಹಾಕುವ ರೈತನಿಗೂ ಮುಖ್ಯವಾದ ಪ್ರಶ್ನೆ ಅದೇ. ಆ ಲೆಕ್ಕವನ್ನು ಗಾಡಿಯಲ್ಲಿ ಕುಳಿತವರೂ ಕೊಟ್ಟಿಲ್ಲ, ಕುರ್ಚಿಯಲ್ಲಿ ಕುಳಿತವರೂ ಕೊಟ್ಟಿಲ್ಲ. ಕೇಳಬೇಕಾದವರು ಬಂಕಿನಲ್ಲಿ ಹಣ ಕೊಡುವವರು.